ಕಾಳಿನಲ್ಲಿ ಮಾರ್ಕು ಹಂಚಿಸಿದ ಮಾಸ್ತರು

ಹೋದ ತಿಂಗಳು ಶಹಾಬಾದಿನಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಮಾತಿಗೆ ಮಾತು ಬಂದು, "ನಿಮಗ ಕಲಿಸಿದ ಆ ಮಾಸ್ತರು ತೀರಿಕೊಂಡು ಎರಡು ವರ್ಷ ಆಯ್ತಲ್ರಿ, ನಿಮಗ ಗೊತ್ತಿಲ್ಲೇನು?" ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಎರಡು ವರ್ಷದಿಂದ ನಾನು ಇಲ್ಲದ ಮನುಷ್ಯನ ಜೊತೆ ಮನಸ್ಸಿನಲ್ಲೇ ವಾದ ಮಾಡುತ್ತ ಕೂತಿದ್ದೆನಲ್ಲ! ಇನ್ನೊಮ್ಮೆ ಸಿಕ್ಕರೆ ಹೀಗೆ ಕೇಳಬೇಕು, ಹಾಗೆ ಹೇಳಬೇಕು ಅಂತ ನಲವತ್ತು ವರ್ಷದಿಂದ ಜೋಡಿಸಿಟ್ಟ ಮಾತುಗಳನ್ನು ಈಗ ಯಾರ ಮುಂದೆ ಬಿಚ್ಚಲಿ? ಅದಕ್ಕೇ ಬರೆಯಲಿಕ್ಕೆ ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಹೊಗಳಬೇಕು, ಇಲ್ಲಾ ಬೈಯಬೇಕು. ಎರಡರಲ್ಲಿ ಯಾವುದು ಅಂತ ನನಗೆ ಇನ್ನೂ ಬಗೆಹರಿದಿಲ್ಲ.

ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷ ಆಗಿತ್ತು. ನಿಜಾಮರ ಕಾಲದ ಉರ್ದು ಶಾಲೆಗಳು ಒಂದೊಂದಾಗಿ ಕನ್ನಡ ಶಾಲೆಗಳಾಗುತ್ತಿದ್ದವು. ಉರ್ದುವಿನಲ್ಲೇ ಕಲಿತು ಉರ್ದುವಿನಲ್ಲೇ ಕಲಿಸಿದ ಹಳೇ ಮಾಸ್ತರರನ್ನೂ ನನ್ನಂಥ ಹಂಗಾಮಿ ಹೊಸಬರನ್ನೂ ಕೂಡಿಸಿ ಚಿತ್ತಾಪುರದ ಒಂದು ಹಳೇ ವಾಡೆಯಲ್ಲಿ ಒಂದು ವರ್ಷದ ತರಬೇತಿ ನಡೆಸುತ್ತಿದ್ದರು. ನಾನು ಸೇಡಂ ಹೆಣ್ಣುಮಕ್ಕಳ ಶಾಲೆಯ ಬಾಯಿ, ಅಂದರೆ ಮಾಸ್ತರಿಣಿ, ಇಪ್ಪತ್ತು ವರ್ಷದವಳು. ಇಡೀ ತರಗತಿಗೆ ನಾನೊಬ್ಬಳೇ ಹೆಂಗಸು. ನಾಲಿಗೆ ಆಗಲೂ ಸ್ವಲ್ಪ ಚುರುಕೇ ಇತ್ತು.

ನಮಗೆ ಕಲಿಸುವ ಮಾಸ್ತರು ವಾಡಿಯಿಂದ ಮುಂಜಾನೆಯ ಪ್ಯಾಸೆಂಜರಿಗೆ ಬರುತ್ತಿದ್ದರು. ಕಪ್ಪು ಟೊಪ್ಪಿಗೆ, ಮೊಣಕೈ ಹತ್ತಿರ ಹೊಲಿಗೆ ಹಾಕಿದ ಶೇರವಾನಿ, ಕಿಸೆಯಲ್ಲಿ ಲವಂಗ. ಮಳಖೇಡದ ಆಚೆಯ ಹಳ್ಳಿಯ ಒಕ್ಕಲುತನದ ಮನೆಯವರು. ಸುಗ್ಗಿ ಬಂದರೆ ರಜಾ ಹಾಕಿ ಕಣಕ್ಕೆ ಹೋಗಿಬಿಡುತ್ತಿದ್ದರು, ತಿರುಗಿ ಬಂದಾಗ ಟೊಪ್ಪಿಗೆಯಲ್ಲಿ ಜೋಳದ ಒಣ ರವದಿ ಸಿಕ್ಕಿರುತ್ತಿತ್ತು. ಭೂಗೋಳ ಕಲಿಸುವಾಗ ಮೊದಲು ಉರ್ದು ಶಬ್ದ ಬಾಯಿಗೆ ಬರುವುದು. "ಜಝೀರಾ," ಅಂದು ಕಣ್ಣು ಮುಚ್ಚಿ ನಿಂತು, "ಕನ್ನಡದಾಗ ಏನಂತಾರಪ್ಪ ಇದಕ್ಕ?" ಅಂತ ನಮ್ಮನ್ನೇ ಕೇಳುವರು. ನಾವು ದ್ವೀಪ ಅಂದರೆ ಮಗುವಿನ ಹಾಗೆ ಖುಷಿಪಟ್ಟು ಹಲಗೆಯ ಮೇಲೆ ಬರೆಯುವರು.

ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಒಂದೇ. "ನನಗ ತಿಳೀವಲ್ದು." ಕಲಿಸುವವರೇ ಹೀಗಂದರೆ ನಾವೇನು ಮಾಡಬೇಕು? ಅದೂ ಮಾರ್ಕು ಹಾಕುವಾಗ ನೋಡಬೇಕಿತ್ತು ಅವರ ಫಜೀತಿ. ನನ್ನ ಒಂದು ಉತ್ತರದ ಪಕ್ಕ ಆರು ಬರೆದು ಹೊಡೆದು, ಏಳು ಬರೆದು ಹೊಡೆದು, ಮತ್ತೆ ಆರು ಬರೆದು, ಕಡೆಗೆ ವಹಿ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು. "ತಂಗಿ, ಆರು ಕೊಡ್ಲೇನು, ಏಳು ಕೊಡ್ಲೇನು?"

"ಎಂಟು ಕೊಡ್ರಿ," ಅಂದೆ.

ನಗಲಿಲ್ಲ ಪುಣ್ಯಾತ್ಮ. ನಿಜವಾಗಿ ಕೂತು ವಿಚಾರ ಮಾಡಿ, "ಎಂಟಕ್ಕ ಬರೂದಿಲ್ರಿ," ಅಂದು ಏಳು ಕೊಟ್ಟರು.

ಇನ್ನೊಂದು ಸಲ ಇಬ್ಬರ ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ ಇತ್ತು. ಯಾರು ಯಾರದನ್ನು ನೋಡಿ ಬರೆದರು ಅಂತ ಗೊತ್ತಾಗದೆ ಇಬ್ಬರಿಗೂ ಸೊನ್ನೆ ಹಾಕಿದರು. ಮರುದಿವಸ ಬಂದವರೇ ಇಬ್ಬರಿಗೂ ಪೂರಾ ಮಾರ್ಕು ಹಾಕಿದರು. ನಾವು ಬಿಟ್ಟಕಣ್ಣು ಬಿಟ್ಟು ನೋಡಿದೆವು. "ನಿನ್ನಿ ಒಬ್ಬಂಗ ಅನ್ಯಾಯ ಮಾಡಿದ್ದೆ. ಇವತ್ತ ಒಬ್ಬಂಗ ಪುಕಟ ಕೊಟ್ಟೀನಿ. ಎರಡೂ ಕೂಡಿ ಬರಾಬರ್ ಆಯ್ತು ಅಂತಲ್ಲ, ಅನ್ಯಾಯ ಮಾಡಿದ್ದು ಹೊಟ್ಟ್ಯಾಗ ಕುಂತಿತ್ತು," ಅಂದರು. ಇಂಥವರ ಕೈಗೆ ನಮ್ಮ ಹಣೆಬರಹ ಸಿಕ್ಕಿತ್ತು.

ವರ್ಷದ ಕಡೆಗೆ ಟೋಳಿ ಕೆಲಸ ಅಂತ ಬಂತು. ಮೂರು ಮೂರು ಜನರ ಟೋಳಿ. ಒಂದು ಊರಿಗೆ ಹೋಗಿ ಒಂದು ತಿಂಗಳು ನೋಡಿ, ಕೇಳಿ, ಆ ಊರಿನ ನಕ್ಷೆ ಮತ್ತು ಊರಿನ ಪರಿಚಯದ ಪುಸ್ತಕ ಮಾಡಬೇಕು, ಅದೇ ಊರಿನ ಮಕ್ಕಳಿಗೆ ಅದರಿಂದ ಒಂದು ಪಾಠ ಮಾಡಿ ತೋರಿಸಬೇಕು. ಅರವತ್ತು ಮಾರ್ಕು. ಇಪ್ಪತ್ತು ಬಂದರೆ ಪಾಸು. ಮೂವತ್ತಾರು ಬಂದರೆ ಫಸ್ಟ್ ಕ್ಲಾಸು, ಮತ್ತು ಫಸ್ಟ್ ಕ್ಲಾಸು ಬಂದವರಿಗೆ ಕೇಳಿದ ಊರಲ್ಲಿ ಖಾಯಂ ನೌಕರಿ. ನನಗೆ ಸೇಡಂ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಅದಕ್ಕೇ ಆ ಮೂವತ್ತಾರರ ಮೇಲೆ ನನ್ನ ಕಣ್ಣು.

ನಮ್ಮ ಟೋಳಿಗೆ ಮಳಖೇಡ ಬಂತು. ಒಬ್ಬಳು ನಾನು. ಇನ್ನೊಬ್ಬ ಶಹಾಬಾದಿನ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿಯ ಮಗ. ಶಹಾಬಾದಿ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಅಕ್ಷರ ಮುತ್ತು, ತಲೆ ಬಿಸಿ. ಮೂರನೆಯವರು ಚಿಂಚೋಳಿಯ ಹಿರಿಯ ಮುಸಲ್ಮಾನ ಮಾಸ್ತರು, ನಮಗೆಲ್ಲ ಚಾಚಾ. ಹದಿನೆಂಟು ವರ್ಷ ಉರ್ದು ಶಾಲೆ ನಡೆಸಿದವರು. ಕನ್ನಡ ಮಾತಾಡಲಿಕ್ಕೆ ಅರಳು ಹುರಿದ ಹಾಗೆ ಬರುತ್ತಿತ್ತು, ಬರೆಯಲಿಕ್ಕೆ ಕೂತರೆ ಒಂದು ಸಾಲಿಗೆ ಅರ್ಧ ತಾಸು. ಹೋದ ವರ್ಷ ಒಮ್ಮೆ ನಪಾಸಾಗಿದ್ದರು. ಎರಡನೇ ಸಲವೂ ನಪಾಸಾದರೆ ನೌಕರಿಯಿಂದ ತೆಗೆಯುತ್ತಾರೆ ಅಂತ ಆರ್ಡರು ಬಂದಿತ್ತು. ಇದು ಮೂವರಿಗೂ ಗೊತ್ತಿತ್ತು. ಮೂವರೂ ಆ ಮಾತು ಎತ್ತುತ್ತಿರಲಿಲ್ಲ.

ನಾನು ಮುಂಜಾನೆ ಸೇಡಂನಿಂದ ಗಾಡಿಗೆ ಹೋಗಿ ಸಂಜೆ ತಿರುಗಿ ಬರುತ್ತಿದ್ದೆ. ಅವರಿಬ್ಬರು ಅಲ್ಲೇ ಒಂದು ಮಠದಲ್ಲಿ ಉಳಿದಿದ್ದರು. ಮೊದಲನೇ ದಿವಸ ನಾನು ವಹಿ ಹಿಡಿದು ಓಣಿಗೆ ಹೋದರೆ ಹೆಣ್ಣುಮಕ್ಕಳು ದಬಕ್ಕನೆ ಬಾಗಿಲು ಹಾಕಿಕೊಂಡರು. ಸರ್ಕಾರಕ್ಕೆ ಅಳೆಯಬೇಕಾದ ಲೆವಿ ಜೋಳ ಬರೆದುಕೊಳ್ಳಲಿಕ್ಕೆ ಬಂದ ಸರ್ಕಾರಿ ಹೆಂಗಸು ಅಂತ ತಿಳಿದಿದ್ದರು. ಮೂರನೇ ದಿವಸ ಅದೇ ಬಾಗಿಲುಗಳು ತೆರೆದವು. ನಡುವಿನ ದಿವಸ ಚಾಚಾ ಆ ಓಣಿಯ ಕಟ್ಟೆಯ ಮೇಲೆ ಕೂತು ಹೊತ್ತು ಮುಳುಗುವವರೆಗೆ ಹರಟಿದ್ದರು. ಅದರಿಂದ ತೆರೆದವೋ, ನನ್ನ ಮುಖ ನೋಡಿ ನೋಡಿ ರೂಢಿಯಾಗಿ ತೆರೆದವೋ? ನನಗೆ ಗೊತ್ತಿಲ್ಲ.

ಉಳಿದ ದಿವಸ ಚಾಚಾ ಏನು ಮಾಡಿದರು ಅಂತ ಕೇಳಿದರೆ, ಕಾಗಿಣಾ ಹೊಳೆಯ ದಂಡೆಗೆ ಹೋಗಿ ಅಂಬಿಗರ ಜೊತೆ ಕೂತರು. ಅವರ ಮನೆಯ ರೊಟ್ಟಿ ಉಂಡರು. ಕೋಟೆಯ ನೆರಳಲ್ಲಿ ಮಲಗಿದರು. ಶಹಾಬಾದಿ ಎಂಟು ದಿವಸ ಕೂತು ಬರೆದ ನಕ್ಷೆಯ ಮೇಲೆ ಬಿಸಿ ಚಹದ ಕಿಟ್ಲಿ ಇಟ್ಟರು. ಹೊಳೆ ತಿರುಗುವ ಜಾಗದಲ್ಲಿ ಕಪ್ಪಗೆ ದುಂಡನೆ ಕಲೆ ಬಿತ್ತು. ಶಹಾಬಾದಿ ಹಲ್ಲು ಕಡಿದ. ಚಾಚಾ ನಕ್ಷೆ ನೋಡಿ, "ಬಿಡಪ್ಪ, ಹೊಳಿ ಹೆಂಗೂ ಉಲ್ಟಾ ತಿರುಗಿಸಿದ್ದಿ. ಅಂಬಿಗರು ಹೇಳಿದ್ದು ಬ್ಯಾರೇನೇ ಅದ," ಅಂದರು. ಹೋಗಿ ನೋಡಿದರೆ ಖರೇನೇ ಉಲ್ಟಾ. ಅವನು ಹೊಸದಾಗಿ ಎಂಟು ದಿವಸ ಕೂತ. ಚಾಚಾ ನಕ್ಷೆ ಕೆಡಿಸಿದರೋ ಸರಿಮಾಡಿದರೋ, ನೀವೇ ಹೇಳಿ.

ಸಂಜೆ ನಾನು ಗಾಡಿಗೆ ಹೊರಡುವ ಮುಂಚೆ, "ಏನು ಸಿಕ್ಕಿತ್ರಿ ಚಾಚಾ?" ಅಂತ ಕೇಳುತ್ತಿದ್ದೆ. ಹತ್ತು ಕಥೆ ಹೇಳುವರು. ಒಂಬತ್ತು ಚಿಂಚೋಳಿಯವು, ಒಂದು ಮಳಖೇಡದ್ದು. ಆ ಒಂದನ್ನು ಗಾಡಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಅವು ನನ್ನ ಅಧ್ಯಾಯದಲ್ಲಿ ಹೋದವು. ಹೇಳಿದ್ದು ಅವರೇ, ಆದರೆ ಆರಿಸಿದ್ದು, ಜೋಡಿಸಿದ್ದು, ಬರೆದದ್ದು ನಾನು. ಅವರ ಪಾಲಿಗಿಟ್ಟ ಹಾಳೆಗಳು ಖಾಲಿಯೇ ಉಳಿದವು, ಅವನ್ನೂ ಕಡೆಗೆ ನಾನೇ ತುಂಬಿದೆ. ಬೆರಳಿಗೆ ಗಂಟು ಬಂದಿತ್ತು, ಚಾಚಾ ಮೇಲೆ ಭಾಳ ಸಿಟ್ಟಿತ್ತು.

ಪಾಠದ ದಿವಸ ಮಾಸ್ತರು ನೋಡಲಿಕ್ಕೆ ಬಂದರು. ಶಹಾಬಾದಿ ಪುಸ್ತಕದ ಕನ್ನಡದಲ್ಲಿ ಕಾಗಿಣಾ ನದಿಯ ಉಗಮ ಅಂತ ಶುರುಮಾಡಿದ. ಮಕ್ಕಳು ಬಾಯಿ ಬಿಡಲಿಲ್ಲ. ಹಿಂದೆ ಕೂತಿದ್ದ ಚಾಚಾ ಎದ್ದು, "ಯಾರಿಗಿ ಈಜು ಬರ್ತದ, ಕೈ ಎತ್ರಿ," ಅಂದರು. ಮೂವತ್ತು ಕೈ ಎದ್ದವು. ಆಮೇಲೆ ಅರ್ಧ ತಾಸು ಮಕ್ಕಳೇ ಹೊಳೆಯ ಮಡು, ಸುಳಿ, ದಾಟುವ ಜಾಗ ಎಲ್ಲ ಹೇಳಿದರು. ಪಾಠ ಅನ್ನುವುದು ಮಾತ್ರ ಮುಗಿಯಲೇ ಇಲ್ಲ. ಮಾಸ್ತರು ವಹಿಯಲ್ಲಿ ಏನೋ ಬರೆದರು, ಹೊಡೆದರು, ಮತ್ತೆ ಬರೆದರು.

ಮಾರ್ಕು ಹಾಕುವ ದಿವಸ ಮೊದಲು ನಮ್ಮ ಟೋಳಿಯನ್ನೇ ಕರೆದರು. ಮೇಜಿನ ಮೇಲೆ ಮೂರು ಬಟ್ಟಲು, ಒಂದೊಂದರಲ್ಲಿ ಮೂವತ್ತು ಜೋಳದ ಕಾಳು. "ನಾ ತಿಂಗಳಿನಾಗ ನಾಕು ಸಲ ಬಂದು ನೋಡಿದಾಂವ. ನೀವು ದಿನಾ ಕೂಡಿ ಇದ್ದವರು. ಯಾರು ಎಷ್ಟು ದುಡದಾರ ಅಂತ ನನಗ ತಿಳೀವಲ್ದು, ನಿಮಗ ಗೊತ್ತು. ತಮ್ಮ ಮೂವತ್ತು ಕಾಳು ಉಳಿದ ಇಬ್ಬರಿಗಿ ಹಂಚಬೇಕು. ತಮಗ ತಾವು ಇಟ್ಕೋಬಾರ್ದು. ಒಂದು ಕಾಳಿಗಿ ಒಂದು ಮಾರ್ಕು. ಕಣದಾಗ ಹ್ಯಾಂಗ ಇರ್ತೀರಿ ಹಂಗ ಇರ್ರಿ," ಅಂದರು. ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ಕಡೆ ಚಪ್ಪಲಿ ಹಾಕುವುದಿಲ್ಲ, ಯಾರೂ ತುಟಿ ಎರಡು ಮಾಡುವುದಿಲ್ಲ. ಚಪ್ಪಲಿ ಬಿಟ್ಟು ಸುಮ್ಮನೆ ಕೂತೆವು. ಅವರು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದರು.

ಹಿರಿಯರಾದ್ದರಿಂದ ಚಾಚಾ ಮೊದಲು. ಕಾಳನ್ನು ಸರಿಯಾಗಿ ಎರಡು ಪಾಲು ಮಾಡಿ ನಮ್ಮಿಬ್ಬರ ಮುಂದೆ ಹದಿನೈದು ಹದಿನೈದು ಸರಿಸಿದರು. ಶಹಾಬಾದಿ ಚಾಚಾ ಮುಂದೆ ಎಂಟು ಕಾಳು ಒಂದೊಂದಾಗಿ ಟಕಟಕ ಇಟ್ಟ, ಉಳಿದದ್ದನ್ನು ಪೂರಾ ನನ್ನ ಕಡೆ ಸುರಿದ. ನನ್ನ ಮುಂದೆ ಮೂವತ್ತೇಳು ಆಯಿತು. ಫಸ್ಟ್ ಕ್ಲಾಸು ಕೈಗೆ ಬಂತು. ಈಗ ನನ್ನ ಸರದಿ. ಚಾಚಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಎಂಟು ಅವೆ, ಪಾಸಾಗಲಿಕ್ಕೆ ಇನ್ನು ಹನ್ನೆರಡು ಬೇಕು. ಹನ್ನೆರಡೇ ಇಟ್ಟೆ. ಉಳಿದ ಹದಿನೆಂಟು ಶಹಾಬಾದಿಗೆ. ಸಿಟ್ಟೂ ತೀರಿತು, ಚಾಚಾನ ನೌಕರಿಯೂ ಉಳಿಯಿತು ಅಂತ ಸಮಾಧಾನಪಟ್ಟೆ.

ಮಾಸ್ತರು ಒಳಗೆ ಬಂದು ಚಾಚಾನ ಕಾಳು ಎಣಿಸಲಿಕ್ಕೆ ಕೂತರು. ಮೊದಲನೇ ಕಾಳು ಎತ್ತಿ, "ಲಾಭ," ಅಂದರು. ಅದು ನಮಗೆಲ್ಲ ಗೊತ್ತಿದ್ದದ್ದೇ. ರಾಶಿಯ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ನಮ್ಮ ಮನೆಯ ಕಣದಲ್ಲಿ ಲಾಭ ಆದಮೇಲೆ ಎರಡು. ಮಾಸ್ತರು ಆ ಕಾಳನ್ನು ಮೇಜಿನ ಮೂಲೆಗೆ ಬೇರೆ ಇಟ್ಟರು. ಮುಂದಿನದನ್ನು ಎತ್ತಿ, "ಒಂದು," ಅಂದರು.

ಅವರ ಊರಿನ ಕಣದಲ್ಲಿ ಲಾಭ ದೇವರ ಪಾಲು, ಎಣಿಕೆಗೆ ಬರುವುದಿಲ್ಲ. ಇದನ್ನು ನಾನು ಎಲ್ಲಿಂದ ಕನಸು ಕಾಣಲಿ? ಬಾಯಿ ತೆರೆಯುವ ಹಾಗಿಲ್ಲ. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಮುಗಿಯಿತು. ಹೀಗೇ ಲಾಭದ ಒಂದೊಂದು ಕಾಳು ತೆಗೆದಿಟ್ಟಮೇಲೆ ಶಹಾಬಾದಿಗೆ ಮೂವತ್ತೆರಡು. ನನಗೆ ಮೂವತ್ತಾರು.

"ಚಾಚಾನವು ಇಪ್ಪತ್ತು ಅದಾವ್ರಿ!" ಅಂತ ನಾನೇ ಮೊದಲು ಕಿರುಚಿದೆ. "ಲಾಭ ಕೂಡಿಸಿ ಎಣಿಸ್ರಿ. ನಮ್ಮ ಕಡೆ ಲಾಭ ಅಂದ್ರ ಒಂದೇ."

"ನಮ್ಮ ಕಡೆ ಅಲ್ಲ ತಂಗಿ," ಅಂದರು ಮಾಸ್ತರು. ಹೋದ ವರ್ಷವೂ ಹೀಗೇ ಎಣಿಸಿದ್ದರಂತೆ, ಆದರೆ ಯಾರೂ ಹೀಗೆ ಅಂಚಿಗೆ ಬಂದಿರಲಿಲ್ಲ.

"ಹಂಗಾದ್ರ ಆ ಲಾಭದ ಮೂರು ಕಾಳು ಚಾಚಾಗ ಕೊಡ್ರಿ."

"ದೇವರ ಪಾಲಿಂದ ತಗದು ಕೊಡ್ಲಿಕ್ಕ ನಾ ಯಾರು?"

"ನನಗ ಖೈರಾತ್ ಬ್ಯಾಡ ಬೇಟಿ," ಅಂದರು ಚಾಚಾ. ಮೆಲ್ಲಗೆ, ನಗುತ್ತಲೇ ಅಂದರು. ನನಗೆ ಅಳು ಬಂತು. "ನನ್ನ ಕಾಳಿನಾಗ ಒಂದು ತಗೋರಿ ಮತ್ತ! ನಾ ಕೊಡ್ತೀನಿ," ಅಂದುಬಿಟ್ಟೆ.

"ಎಣಿಸಿದ ರಾಶಿಗಿ ಕೈ ಹಚ್ಚಬಾರ್ದು," ಅಂದರು ಮಾಸ್ತರು. ಶಹಾಬಾದಿ, "ನೇಮ ಅಂದ್ರ ನೇಮ," ಅಂತ ಎದ್ದು ಹೋದ. ಮಾಸ್ತರು ಮೇಜಿನ ಮೇಲಿನ ಕಾಳುಗಳನ್ನೇ ನೋಡುತ್ತ, ತಾವೇ ಹಾಕಿದ ಗಂಟು ಬಿಚ್ಚಲಿಕ್ಕೆ ಬಾರದೆ ಸಂಜೆಯ ಗಾಡಿ ತಪ್ಪಿಸಿಕೊಂಡರು. ಮರುದಿವಸ ಉಳಿದ ಟೋಳಿಗಳನ್ನು ಕರೆದು ಅವರ ಕಾಳನ್ನೂ ಲಾಭ ತೆಗೆದೇ ಎಣಿಸಿದರು.

ಎಂಟು ದಿವಸಕ್ಕೆ ಬಾಗಿಲಿಗೆ ಪಟ್ಟಿ ಹಚ್ಚಿದರು. ಚಾಚಾ ಇಪ್ಪತ್ತು. ಶಹಾಬಾದಿ ಮೂವತ್ತೆರಡು. ನಾನು ಮೂವತ್ತೈದು.

ಮೂವತ್ತೈದು! ಸೆಕೆಂಡ್ ಕ್ಲಾಸು. ನನ್ನನ್ನು ಚಿಂಚೋಳಿಗೆ ಹಾಕಿದರು. ರೈಲಿಲ್ಲದ ಊರು, ಆರು ವರ್ಷ. ಅಲ್ಲಿ ಬಸ್ಸು ಇಳಿದ ದಿವಸ ಟ್ರಂಕು ಹೊರಲಿಕ್ಕೆ ಬಂದು ನಿಂತವರು ಯಾರು ಗೊತ್ತೇ? ಚಾಚಾ. ಊರಿಗೆ ಹೊಂದಿದ ಚಂದಾಪುರದಲ್ಲಿ ಬಾಡಿಗೆ ಮನೆ ನೋಡಿಟ್ಟಿದ್ದರು. ಊರ ತುಂಬ, "ಮಳಖೇಡದಾಗ ಎಲ್ಲಾ ದುಡದಾಕಿ ಈ ಬೇಟಿ, ನಾ ಸುಮ್ಮ ಕುಂತು ಪಾಸಾದೆ," ಅಂತ ಹೇಳಿಕೊಂಡು ತಿರುಗಿದರು. ಒಂದು ಕಾಳಿನ ಸಂಗತಿ ಅವರಿಗೆ ಗೊತ್ತಿತ್ತೋ ಇಲ್ಲವೋ, ಕಡೆತನಕ ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಇನ್ನು ಮಳಖೇಡದಲ್ಲಿ ದುಡಿದವರೇ ತಾವು ದುಡಿದಿಲ್ಲ ಅಂದಮೇಲೆ ನಾನು ಯಾವುದನ್ನು ನಂಬಲಿ?

ಆದರೆ ಚಿಂಚೋಳಿಯದು ಆಮೇಲಿನ ಮಾತು. ಪಟ್ಟಿ ನೋಡಿದ ದಿವಸ ನಾನು ಉರಿಯುತ್ತ ಚಿತ್ತಾಪುರ ಸ್ಟೇಷನ್ನಿಗೆ ಹೋದೆ. ಮಾಸ್ತರು ಪರಸಿ ಕಲ್ಲಿನ ಬೆಂಚಿನ ಮೇಲೆ ವಾಡಿ ಗಾಡಿಗೆ ಕಾಯುತ್ತ ಕೂತಿದ್ದರು.

"ಎಣಿಸಿದ ರಾಶಿಗಿ ಕೈ ಹಚ್ಚಬಾರ್ದು ಅಂದಿದ್ರಿ," ಅಂದೆ.

"ಹಚ್ಚಬಾರ್ದು ತಂಗಿ. ಹಚ್ಚೀನಿ."

"ನನ್ನ ಫಸ್ಟ್ ಕ್ಲಾಸು ಹೋಯ್ತಲ್ರಿ!"

"ಕೊಡ್ತೀನಿ ಅಂದಿದ್ರಿ ನೀವು."

"ಕೊಡ್ತೀನಿ ಅಂದಾಗ ನೀವು ತಗೊಳ್ಳಿಲ್ಲ. ತಗೊಂಡಾಗ ನನ್ನ ಕೇಳ್ಲಿಲ್ಲ."

"ಅದೂ ಖರೇನೇ," ಅಂದರು. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ನಿಮಗ ಅನ್ಯಾಯ ಮಾಡೀನಿ. ಮಾಡದಿದ್ರ ಅವರಿಗಿ ಆಗ್ತಿತ್ತು. ಸಣ್ಣದು ಯಾವುದು ಅಂತ ನೋಡಿದೆ. ಸರಿ ಮಾಡೀನೋ ಇಲ್ಲೋ, ನನಗ ತಿಳೀವಲ್ದು."

ನಾನು ಇನ್ನೂ ಹತ್ತು ಮಾತು ಆಡುವವಳಿದ್ದೆ. ದೂರದಲ್ಲಿ ಗಾಡಿಯ ಸಿಳ್ಳು ಕೇಳಿತು. ಅವರು ನನ್ನ ಕಡೆ ಪೂರಾ ತಿರುಗಿ ಕೂತರು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಶಹಾಬಾದಿ ತಾ ಎಂಟು ಇಟ್ಟೆ ಅಂತ ಹೇಳ್ಯಾನ. ಉಳಿದ ಹನ್ನೆರಡು ನಿಮ್ಮವು. ಸರಿಯಾಗಿ ಇಪ್ಪತ್ತಕ್ಕ ನಿಂತದ. ನನಗ ಇಷ್ಟು ವರ್ಷ ಆದ್ರೂ ಆರೋ ಏಳೋ ಅನ್ನೂದೇ ತಿಳಿಯೂದಿಲ್ಲ. ನಿಮಗ ಮಾತ್ರ ಆ ಮನುಷ್ಯನ ದುಡಿತ ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ ಅಂತ ತಿಳದದ. ಹ್ಯಾಂಗ ನೋಡಿದ್ರಿ? ನನಗಷ್ಟು ಹೇಳಿಕೊಡ್ರಿ."

ಚುಚ್ಚಿ ಆಡಿದ ಮಾತಾಗಿದ್ದರೆ ನಾನು ಅಲ್ಲೇ ತಿರುಗಿ ಅನ್ನುತ್ತಿದ್ದೆ. ಚುಚ್ಚಲಿಲ್ಲ ಅವರು. ನಿಜವಾಗಿ ಕಲಿಯಬೇಕು ಅಂತ ಕೇಳಿದರು, ಕಣ್ಣಲ್ಲಿ ಆಸೆ ಇತ್ತು. ಗಾಡಿ ಬಂದು ನಿಂತಿತು. ಅವರು ಬಾಗಿಲ ಮೆಟ್ಟಿಲ ಮೇಲೆ ಕಾಲಿಟ್ಟು, ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಲೇ ಹೋದರು. ಏನಂತ ಹೇಳಲಿ? ಚಾಚಾ ಎಷ್ಟು ದುಡಿದಿದ್ದರು ಅಂತ ನಾನು ನೋಡಿಯೇ ಇರಲಿಲ್ಲ. ಆ ಮನುಷ್ಯನ ನೌಕರಿ ಹೋದರೆ ಪಾಪ ನನಗೆ ತಟ್ಟಬಾರದು, ಅದಕ್ಕೆ ಎಷ್ಟು ಕಾಳು ಸಾಕು ಅಂತ ಅಷ್ಟೇ ಎಣಿಸಿದ್ದೆ.